ಅರ್ಜಿ ಹಾಕಿಸಿದರೆ ಮುಗಿಯಲಿಲ್ಲ: ಮೊದಲ ತಲೆಮಾರಿನ ವಿದ್ಯಾರ್ಥಿಗಳ ಜೊತೆ ಕೆಲಸ ಮಾಡುವ ಕಾಲೇಜು ಸಿಬ್ಬಂದಿಗೆ ಸಮಗ್ರ ಮಾರ್ಗದರ್ಶಿ

ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಹತ್ತಿರ ಬಂದಾಗ ಪದವಿ ಕಾಲೇಜುಗಳ ಆಫೀಸಿನ ಮುಂದೆ ನಿಂತು ನೋಡಿ. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ ತೆವಳುತ್ತಿರುತ್ತದೆ. ಒಟಿಪಿ ಅಪ್ಪನ ಫೋನಿಗೆ ಹೋಗಿರುತ್ತದೆ, ಅಪ್ಪ ಹೊಲದಲ್ಲಿರುತ್ತಾನೆ. ಹೇಗೋ ಸಂಜೆಯೊಳಗೆ ಅರ್ಜಿ ಸಬ್‌ಮಿಟ್ ಆಗುತ್ತದೆ. ಪರೀಕ್ಷೆ ಹೊತ್ತಿಗೆ ಅದೇ ಹುಡುಗ ಬಾಗಿಲಲ್ಲಿ ನಿಂತು, 'ಎಲ್ಲಾರಿಗೂ ಬಂದೈತ್ರಿ ಸರ್, ನನಗಷ್ಟ ಬಂದಿಲ್ಲ' ಎನ್ನುತ್ತಾನೆ.

ಪ್ರತಿ ವರ್ಷ ಹೀಗೆಯೇ ಆಗಲು ಕಾರಣ ಸಿಬ್ಬಂದಿಯ ಸೋಮಾರಿತನವಲ್ಲ, ಕೆಲಸದ ಅನುಕ್ರಮ. ನಾವು ಅರ್ಜಿಯಿಂದ ಶುರು ಮಾಡುತ್ತೇವೆ. ಅರ್ಜಿ ನಿಜಕ್ಕೂ ಆರನೇ ಕೆಲಸ. ಅದಕ್ಕೂ ಮೊದಲು ಹೆಸರು, ಬ್ಯಾಂಕ್ ಖಾತೆ, ಪ್ರಮಾಣ ಪತ್ರ ಸರಿಯಾಗಿರಬೇಕು. ಮನೆಯಲ್ಲಿ ಓದಿದ ಅಣ್ಣ, ಅಕ್ಕ, ಚಿಕ್ಕಪ್ಪ ಯಾರಾದರೂ ಇದ್ದರೆ ಇವನ್ನೆಲ್ಲ ಅವರೇ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರಿಗೆ ಆ ಜಾಗದಲ್ಲಿ ಇರುವುದು ನೀವೊಬ್ಬರೇ.

ಇದು ಸರ್ಕಾರಿ ಮತ್ತು ಅನುದಾನಿತ ಪದವಿ ಕಾಲೇಜುಗಳ ನೋಡಲ್ ಅಧಿಕಾರಿ, ಮೆಂಟರ್, ಅತಿಥಿ ಉಪನ್ಯಾಸಕರು, ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕರು), ಗ್ರಂಥಪಾಲಕರು ಮತ್ತು ಹಾಸ್ಟೆಲ್ ವಾರ್ಡನ್‌ಗಳಿಗಾಗಿ. ಇಲ್ಲಿರುವುದು ಕರ್ನಾಟಕದ ವ್ಯವಸ್ಥೆ. ಮೊತ್ತ, ಮಿತಿ, ದಿನಾಂಕಗಳಿಗೆ ಆಯಾ ವರ್ಷದ ಸುತ್ತೋಲೆಯೇ ಆಧಾರ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಒಂದು ರಿಜಿಸ್ಟರ್ ಅಥವಾ ಎಕ್ಸೆಲ್ ಹಾಳೆ. ಎರಡನ್ನೂ ಇಟ್ಟುಕೊಂಡರೆ ಎರಡೂ ಅರ್ಧಂಬರ್ಧ ಉಳಿಯುತ್ತವೆ, ಒಂದೇ ಸಾಕು. ಒಬ್ಬ ವಿದ್ಯಾರ್ಥಿಗೆ ಒಂದು ಸಾಲು. ಹೆಸರು, ವಿದ್ಯಾರ್ಥಿಯ ಫೋನ್, ಮನೆಯಲ್ಲಿ ಸಿಗುವ ಫೋನ್ ಮತ್ತು ಅದು ಯಾರದು, ಹೆಸರು ಹೊಂದಿಕೆ, ಖಾತೆಗೆ ಆಧಾರ್ ಜೋಡಣೆ (ಸೀಡಿಂಗ್) ನೋಡಿದ ದಿನ, ಪ್ರಮಾಣ ಪತ್ರದ ಅವಧಿ ಮುಗಿಯುವ ದಿನ, ಯಾವ ಯೋಜನೆ, ಅರ್ಜಿ ಸಂಖ್ಯೆ, ಈಗಿನ ಸ್ಥಿತಿ, ಹಣ ಬಂದ ದಿನ. ಕೊನೆಯ ಕಾಲಂ ಇಲ್ಲದ ರಿಜಿಸ್ಟರ್‌ಗಳೇ ಜಾಸ್ತಿ. ಆ ಕಾಲಂ ತುಂಬುವವರೆಗೆ ಆ ವಿದ್ಯಾರ್ಥಿಯ ಕೆಲಸ ಮುಗಿದಿಲ್ಲ.

ಜೊತೆಗೆ ಗೋಡೆಗೆ ಅಂಟಿಸಿದ ಒಂದು ಪಟ್ಟಿ ಬೇಕು. ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆ ಕಚೇರಿ, ಹಿಂದುಳಿದ ವರ್ಗಗಳ ಇಲಾಖೆಯ (ಬಿಸಿಎಂ) ಕಚೇರಿ, ಅಲ್ಪಸಂಖ್ಯಾತರ ಇಲಾಖೆಯ ಜಿಲ್ಲಾ ಕಚೇರಿ, ನಾಡಕಚೇರಿ, ಹೆಚ್ಚು ವಿದ್ಯಾರ್ಥಿಗಳ ಖಾತೆ ಇರುವ ಬ್ಯಾಂಕ್ ಶಾಖೆ, ಹತ್ತಿರದ ಆಧಾರ್ ಕೇಂದ್ರ. ನಂಬರ್ ಮಾತ್ರ ಇದ್ದರೆ ಸಾಲದು, ಅಲ್ಲಿ ಆ ಕೆಲಸ ನೋಡುವವರ ಹೆಸರೂ ಗೊತ್ತಿರಲಿ.

ಇಟ್ಟುಕೊಳ್ಳಬಾರದ್ದೂ ಇದೆ. ವಿದ್ಯಾರ್ಥಿಗಳ ಪಾಸ್‌ವರ್ಡ್‌ಗಳನ್ನು ನಿಮ್ಮ ಡೈರಿಯಲ್ಲಿ ಬರೆದುಕೊಳ್ಳಬೇಡಿ. ಆಧಾರ್ ಜೆರಾಕ್ಸ್‌ಗಳ ಗಂಟು ಕಟ್ಟಿ ಬೀರುವಿನ ಮೇಲಿಡಬೇಡಿ. ಒಟಿಪಿಯನ್ನು ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಹಾಕಿಸಿಕೊಳ್ಳುವ ಅಭ್ಯಾಸವನ್ನು ಇವತ್ತೇ ನಿಲ್ಲಿಸಿ. ಕಾಲೇಜಿನಲ್ಲಿ ಹೀಗೆ ಕಲಿತ ಹುಡುಗ ನಾಳೆ ಫೋನಿನಲ್ಲಿ ಕೇಳಿದವರಿಗೆಲ್ಲ ಒಟಿಪಿ ಹೇಳುತ್ತಾನೆ.

## ಹಂತ 1: ಗುರುತಿಸುವುದು, ಆದರೆ ಹಣೆಪಟ್ಟಿ ಕಟ್ಟದೆ

ಸರಿಯಾದ ಸಮಯ ದಾಖಲಾತಿಯ ಕೌಂಟರ್. ತರಗತಿ ಶುರುವಾದ ಮೇಲೆ ಹುಡುಕುವುದು ಕಷ್ಟ. ದಾಖಲಾತಿಗೆ ಅಪ್ಪನೋ ಅಮ್ಮನೋ ಜೊತೆಗೆ ಬಂದಿರುತ್ತಾರೆ. ಮುಂದಿನ ಮೂರು ವರ್ಷದಲ್ಲಿ ಅವರು ಮತ್ತೆ ಕಾಲೇಜಿಗೆ ಬರುವುದು ಅಪರೂಪ.

ನಾಲ್ಕು ಪ್ರಶ್ನೆ ಸಾಕು. ಮನೆಯಲ್ಲಿ ಡಿಗ್ರಿ ಓದಿದವರು ಯಾರಿದ್ದಾರೆ? ಊರಿನಿಂದ ಬಸ್ಸು ಎಷ್ಟು ಹೊತ್ತಿಗೆ, ಕೊನೆಯ ಬಸ್ಸು ಎಷ್ಟಕ್ಕೆ? ಈ ಫೋನ್ ಯಾರದು, ಹಗಲು ಹೊತ್ತು ಯಾರ ಹತ್ತಿರ ಇರುತ್ತದೆ? ರಜೆಯಲ್ಲಿ ಏನು ಕೆಲಸ ಮಾಡುತ್ತೀಯ? ಕೊನೆಯ ಪ್ರಶ್ನೆಗೆ 'ಏನೂ ಇಲ್ಲ ಸರ್' ಎಂದವರಿಗಿಂತ 'ಗಾರೆ ಕೆಲಸ', 'ಕಬ್ಬು ಕಡಿಯೋಕೆ', 'ಬೆಂಗಳೂರಲ್ಲಿ ಡೆಲಿವರಿ' ಎಂದವರ ಸಾಲಿಗೆ ಒಂದು ಗುರುತು ಹಾಕಿಕೊಳ್ಳಿ. ದುಡಿಮೆಯ ದಿನ ಮತ್ತು ತರಗತಿಯ ದಿನ ಡಿಕ್ಕಿ ಹೊಡೆಯುವುದು ಇವರಲ್ಲೇ.

ಸಾಮಾನ್ಯ ತಪ್ಪು: ತುಂಬಿದ ತರಗತಿಯಲ್ಲಿ 'ಎಸ್‌ಸಿ, ಎಸ್‌ಟಿ ಸ್ಟೂಡೆಂಟ್ಸ್ ಕೈ ಎತ್ತಿ' ಎನ್ನುವುದು. ಕೈ ಎತ್ತದವರು ಸೌಲಭ್ಯವನ್ನೇ ಬಿಟ್ಟುಕೊಡುತ್ತಾರೆ, ಎತ್ತಿದವರು ಅವತ್ತು ಆದದ್ದನ್ನು ಮರೆಯುವುದಿಲ್ಲ. ವಿವರ ದಾಖಲಾತಿ ಅರ್ಜಿಯಲ್ಲೇ ಇದೆ, ಅಲ್ಲಿಂದ ತೆಗೆದುಕೊಳ್ಳಿ. ಒಬ್ಬೊಬ್ಬರನ್ನೇ ಕರೆಯಿರಿ.

## ಹಂತ 2: ಹೆಸರು ಹೊಂದಿಸುವುದು

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ-ಆದಾಯ ಪ್ರಮಾಣ ಪತ್ರ, ಬ್ಯಾಂಕ್ ಪಾಸ್‌ಬುಕ್. ನಾಲ್ಕನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ಅಂಕಪಟ್ಟಿಯಲ್ಲಿ 'ಮಂಜುನಾಥ ಕೆ', ಆಧಾರ್‌ನಲ್ಲಿ 'ಮಂಜುನಾಥ ಕೆಂಚಪ್ಪ ಹಡಪದ', ಪಾಸ್‌ಬುಕ್‌ನಲ್ಲಿ 'ಮಂಜು ಕೆ'. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು, ದಕ್ಷಿಣದಲ್ಲಿ ಇನಿಷಿಯಲ್ ತೊಂದರೆ ಕೊಡುತ್ತದೆ. ಇಂಗ್ಲಿಷ್ ಕಾಗುಣಿತವಂತೂ ಎಲ್ಲ ಕಡೆಯ ತಲೆನೋವು.

ಯಾವುದನ್ನು ತಿದ್ದಿಸಬೇಕು? ಅಂಕಪಟ್ಟಿಯನ್ನೇ ಆಧಾರವಾಗಿ ಇಟ್ಟುಕೊಳ್ಳಿ, ಉಳಿದವನ್ನು ಅದಕ್ಕೆ ಹೊಂದಿಸಿ. ಅಂಕಪಟ್ಟಿ ತಿದ್ದಿಸಬೇಕಾದರೆ ಓದಿದ ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು, ಅದು ತಿಂಗಳುಗಟ್ಟಲೆ ಎಳೆಯುವ ಕೆಲಸ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಮಾತ್ರ ಆ ದಾರಿ.

ಆಧಾರ್ ತಿದ್ದುಪಡಿಗೆ ಅವಸರ ಬೇಡ. ಹೆಸರನ್ನು ಜೀವಮಾನದಲ್ಲಿ 2 ಸಲ ಮಾತ್ರ, ಹುಟ್ಟಿದ ದಿನಾಂಕವನ್ನು 1 ಸಲ ಮಾತ್ರ ಬದಲಿಸಬಹುದು. ಸೈಬರ್ ಸೆಂಟರ್‌ನಲ್ಲಿ ಗಡಿಬಿಡಿಯಲ್ಲಿ ಮತ್ತೊಂದು ಕಾಗುಣಿತ ಹಾಕಿಸಿಕೊಂಡು ಬಂದರೆ ಒಂದು ಅವಕಾಶ ಹೋಯಿತು. ಆದ್ದರಿಂದ ಸರಿಯಾದ ಕಾಗುಣಿತವನ್ನು ಒಂದು ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಕೊಟ್ಟು ಕಳಿಸಿ. 15 ವರ್ಷ ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಪಾಪೆಯ ಕಡ್ಡಾಯ ಅಪ್‌ಡೇಟ್ ಆಗಿದೆಯೇ ಎಂದೂ ಇದೇ ಭೇಟಿಯಲ್ಲಿ ಕೇಳಲಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಈಗಲೂ ಚಾಲ್ತಿಯಲ್ಲಿದೆಯೇ ನೋಡಿ. ಕಳೆದುಹೋದ ಸಿಮ್‌ನ ನಂಬರ್ ಆಧಾರ್‌ನಲ್ಲಿ ಉಳಿದಿದ್ದರೆ ಒಟಿಪಿ ಕೇಳುವ ಮುಂದಿನ ಯಾವ ಕೆಲಸವೂ ನಡೆಯುವುದಿಲ್ಲ.

## ಹಂತ 3: ಹಣ ಬೀಳುವ ಖಾತೆಯನ್ನು ಖಚಿತಪಡಿಸಿಕೊಳ್ಳುವುದು

ಅರ್ಜಿ ಮಂಜೂರಾಗಿಯೂ ಹಣ ಬಾರದವರಲ್ಲಿ ಬಹುಪಾಲು ಸಿಕ್ಕಿಕೊಳ್ಳುವುದು ಇಲ್ಲಿ. ಇದಕ್ಕೆ ಒಂದಿಡೀ ವಾರ ಕೊಟ್ಟರೂ ನಷ್ಟವಿಲ್ಲ.

ನೇರ ನಗದು ವರ್ಗಾವಣೆ (ಡಿಬಿಟಿ) ಆಧಾರ್ ಆಧಾರಿತ. ಅಂದರೆ ಹಣ ಹೋಗುವುದು ಅರ್ಜಿಯ ಜೊತೆ ಜೆರಾಕ್ಸ್ ಕೊಟ್ಟ ಪಾಸ್‌ಬುಕ್‌ನ ಖಾತೆಗಲ್ಲ, ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಪಟ್ಟಿಯಲ್ಲಿ ಆ ಆಧಾರ್ ಸಂಖ್ಯೆಯ ಎದುರು ಯಾವ ಬ್ಯಾಂಕ್ ಇದೆಯೋ ಅಲ್ಲಿಗೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಕೊನೆಗೆ ಸೀಡ್ ಆದದ್ದೇ ಚಾಲ್ತಿ. ಹುಡುಗಿಗೆ ಗ್ರಾಮೀಣ ಬ್ಯಾಂಕ್‌ನಲ್ಲಿ ಖಾತೆ ಇದೆ, ನಡುವೆ ಯಾರೋ ಊರಿಗೆ ಬಂದು ಬೆರಳಚ್ಚು ತೆಗೆದುಕೊಂಡು ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು ಹೋಗಿದ್ದಾರೆ. ಹಣ ಎರಡನೆಯದಕ್ಕೆ ಹೋಗುತ್ತದೆ. ಆ ಖಾತೆ ಇರುವುದೇ ಅವಳಿಗೆ ನೆನಪಿಲ್ಲ.

ಮಾಡಬೇಕಾದದ್ದು ಹೀಗೆ:

1. ವಿದ್ಯಾರ್ಥಿಯೇ ತನ್ನ ಫೋನಿನಲ್ಲಿ ಮೈಆಧಾರ್ ಜಾಲತಾಣಕ್ಕೆ ಲಾಗಿನ್ ಆಗಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ನೋಡಲಿ. ಬ್ಯಾಂಕಿನ ಹೆಸರು, ಸ್ಥಿತಿ 'ಆ್ಯಕ್ಟಿವ್' ಇದೆಯೇ, ಕೊನೆಗೆ ಬದಲಾದ ದಿನ ಯಾವುದು ಎಂಬುದನ್ನು ರಿಜಿಸ್ಟರ್‌ನಲ್ಲಿ ಬರೆಯಿರಿ.

2. ಅಲ್ಲಿ ಕಾಣುವ ಬ್ಯಾಂಕಿನ ಪಾಸ್‌ಬುಕ್ ವಿದ್ಯಾರ್ಥಿಯ ಕೈಯಲ್ಲಿದೆಯೇ ಕೇಳಿ. ಇದ್ದರೆ ಆ ಖಾತೆಯನ್ನೇ ಇಟ್ಟುಕೊಳ್ಳುವುದು ಸುಲಭ. ಇಲ್ಲದಿದ್ದರೆ ಬೇಕಾದ ಬ್ಯಾಂಕಿನಲ್ಲಿ ಆಧಾರ್ ಸೀಡಿಂಗ್ ಫಾರ್ಮ್ ಕೊಡಲಿ.

3. ಫಾರ್ಮ್ ಕೊಟ್ಟ ಮೇಲೆ ಕೆಲವು ದಿನ ಬಿಟ್ಟು ಮತ್ತೆ ಒಂದನೇ ಹೆಜ್ಜೆ. ಈ ಮರುಪರಿಶೀಲನೆಯನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಬ್ಯಾಂಕ್ ಕೌಂಟರ್‌ನಲ್ಲಿ 'ಲಿಂಕ್ ಆಗಿದೆ ಹೋಗಪ್ಪ' ಎಂದು ಕಳಿಸಿದರೆ ಅದನ್ನು ಉತ್ತರ ಎಂದುಕೊಳ್ಳಬೇಡಿ. ಕೆವೈಸಿಗಾಗಿ ಆಧಾರ್ ಜೋಡಿಸಿದ್ದಕ್ಕೂ ಲಿಂಕ್ ಎನ್ನುತ್ತಾರೆ, ಡಿಬಿಟಿಗಾಗಿ ಎನ್‌ಪಿಸಿಐಗೆ ಕಳಿಸಿದ್ದಕ್ಕೂ ಲಿಂಕ್ ಎನ್ನುತ್ತಾರೆ. ನಮಗೆ ಬೇಕಾದದ್ದು ಎರಡನೆಯದು. ವಿದ್ಯಾರ್ಥಿ ಕೌಂಟರ್‌ನಲ್ಲಿ ಕೇಳಬೇಕಾದ ಮಾತನ್ನು ಹೇಳಿಕೊಟ್ಟು ಕಳಿಸಿ: 'ಎನ್‌ಪಿಸಿಐಗೆ ಮ್ಯಾಪ್ ಮಾಡಿ ಸರ್, ಡಿಬಿಟಿಗೆ ಬೇಕು.'

ಎಚ್ಚರಿಕೆಯ ಸೂಚನೆಗಳು: ಶಾಲೆಯಲ್ಲಿದ್ದಾಗ ತೆರೆದ ಮೈನರ್ ಖಾತೆಯಾಗಿದ್ದರೆ 18 ತುಂಬಿದ ಮೇಲೆ ಹೊಸದಾಗಿ ಕೆವೈಸಿ ಮತ್ತು ಸಹಿ ಕೊಡಬೇಕು, ಇಲ್ಲವಾದರೆ ವಹಿವಾಟು ನಿಲ್ಲುತ್ತದೆ. ವರ್ಷಗಟ್ಟಲೆ ವ್ಯವಹಾರ ನಡೆಸದ ಖಾತೆಯಾದರೆ ಈಗಲೇ ಹೋಗಿ ಚಾಲ್ತಿ ಮಾಡಿಸಿ ಒಂದು ನೂರು ರೂಪಾಯಿ ಕಟ್ಟಿ ಬರಲಿ. ಅಮ್ಮನ ಜೊತೆಗಿನ ಜಂಟಿ ಖಾತೆಯಾದರೆ ಯಾರ ಆಧಾರ್ ಸೀಡ್ ಆಗಿದೆ ಎಂಬುದನ್ನು ನೋಡದೆ ಮುಂದೆ ಹೋಗಬೇಡಿ.

## ಹಂತ 4: ಜಾತಿ ಮತ್ತು ಆದಾಯ ಪ್ರಮಾಣ ಪತ್ರ

ಪ್ರಮಾಣ ಪತ್ರದ ಮೇಲೆ ಆರ್‌ಡಿ ಸಂಖ್ಯೆ ಇದ್ದರೆ ಸಾಕು ಎಂದುಕೊಳ್ಳುವವರು ಬಹಳ. ಅದರ ಅವಧಿ ನೋಡಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ಪ್ರವರ್ಗ-1ರ ಜಾತಿ ಪ್ರಮಾಣ ಪತ್ರಕ್ಕೆ ಅವಧಿ ಇಲ್ಲ. ಆದರೆ ಆದಾಯ ಪ್ರಮಾಣ ಪತ್ರಕ್ಕೆ 5 ವರ್ಷ. ಒಂಬತ್ತನೇ ಕ್ಲಾಸಿನಲ್ಲಿ ಮಾಡಿಸಿದ್ದು ಡಿಗ್ರಿ ಎರಡನೇ ವರ್ಷದ ಹೊತ್ತಿಗೆ ಸತ್ತಿರುತ್ತದೆ. ಮೊದಲ ವರ್ಷ ಹಣ ಬಂದಿತ್ತು, ಎರಡನೇ ವರ್ಷ ಬರಲಿಲ್ಲ ಎನ್ನುವ ವಿದ್ಯಾರ್ಥಿ ಬಂದಾಗ ಮೊದಲು ಇದನ್ನೇ ನೋಡಿ.

ಹೊಸದು ಬೇಕಾದರೆ ನಾಡಕಚೇರಿಗೆ, ಆನ್‌ಲೈನ್‌ನಲ್ಲಿ ಅಥವಾ ಗ್ರಾಮ ಒನ್ ಮೂಲಕ ಅರ್ಜಿ ಹಾಕಬಹುದು. ದಾಖಲಾತಿಯ ತಿಂಗಳಲ್ಲಿ ಎಲ್ಲರೂ ಅಲ್ಲೇ ಇರುತ್ತಾರೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ರಿಜಿಸ್ಟರ್ ತೆಗೆದು, ಮುಂದಿನ ಡಿಸೆಂಬರ್‌ನೊಳಗೆ ಅವಧಿ ಮುಗಿಯುವವರ ಪಟ್ಟಿ ಮಾಡಿ ಬೇಸಿಗೆ ರಜೆಯಲ್ಲೇ ಕಳಿಸಿ.

ಆದಾಯದ ಮಿತಿಯಲ್ಲಿ ಗೊಂದಲ ಮಾಡಿಕೊಳ್ಳುವುದು ವಿದ್ಯಾರ್ಥಿಗಳಿಗಿಂತ ನಾವೇ ಹೆಚ್ಚು. ಪರಿಶಿಷ್ಟ ಜಾತಿ ಮತ್ತು ಪಂಗಡದ ಮೆಟ್ರಿಕ್ ನಂತರದ ಕೇಂದ್ರ ಯೋಜನೆಗಳಲ್ಲಿ ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಹಿಂದುಳಿದ ವರ್ಗಗಳಲ್ಲಿ ಪ್ರವರ್ಗಕ್ಕೆ ತಕ್ಕಂತೆ ಮಿತಿ ಬೇರೆ. ಪ್ರವರ್ಗ-1ಕ್ಕೆ ಇರುವುದೇ 2ಎ, 3ಎಗೂ ಇರುತ್ತದೆ ಎಂದುಕೊಂಡು ಹೇಳಿ ಕಳಿಸಬೇಡಿ. ಆ ವರ್ಷದ ಆದೇಶದ ಪ್ರತಿಯನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳಿ.

ಮಾಡಬಾರದ್ದು: 'ಆದಾಯ ಕಡಿಮೆ ಬರೆಸು' ಎಂಬ ಸಲಹೆ. ಗ್ರಾಮ ಆಡಳಿತಾಧಿಕಾರಿ ಪರಿಶೀಲಿಸಿ ಕೊಡುವ ದಾಖಲೆ ಅದು. ಮುಂದೊಂದು ದಿನ ರದ್ದಾದರೆ ಅದರ ಮೇಲೆ ಪಡೆದದ್ದನ್ನೆಲ್ಲ ಹಿಂದಿರುಗಿಸಬೇಕಾಗುವುದು ವಿದ್ಯಾರ್ಥಿ, ಸಲಹೆ ಕೊಟ್ಟವರಲ್ಲ.

## ಹಂತ 5: ಯಾವ ಯೋಜನೆ ಯಾರಿಗೆ

ಒಬ್ಬ ವಿದ್ಯಾರ್ಥಿಗೆ ಐದಾರು ಯೋಜನೆಗಳ ಹೆಸರು ಹೇಳಿ ಕಳಿಸುವುದು ಸಹಾಯವಲ್ಲ. ಅವನಿಗೆ ನಿಜವಾಗಿ ಸಿಗುವುದು ಒಂದು ಅಥವಾ ಎರಡು. ಅದನ್ನು ಆರಿಸಿ ಕೊಡುವುದು ನಿಮ್ಮ ಕೆಲಸ.

ರಾಜ್ಯದ ಬಹುತೇಕ ಇಲಾಖೆಗಳ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿಯೇ ಬಾಗಿಲು. ಒಂದೇ ಅರ್ಜಿ, ಅರ್ಹತೆಗೆ ತಕ್ಕಂತೆ ಇಲಾಖೆಗೆ ಹೋಗುತ್ತದೆ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಊಟ, ವಸತಿಗೆ ವಿದ್ಯಾಸಿರಿ ಇದೆ. ಸರ್ಕಾರಿ ಹಾಸ್ಟೆಲ್‌ನಲ್ಲಿ ಇರುವವರಿಗೆ ಅದು ಇಲ್ಲ. ಹಾಸ್ಟೆಲ್‌ಗೆ ಪ್ರತ್ಯೇಕ ಪೋರ್ಟಲ್‌ನಲ್ಲಿ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಕೊನೆಯ ದಿನಾಂಕ. ವಿದ್ಯಾರ್ಥಿವೇತನಕ್ಕೆ ಹಾಕಿದ ಮೇಲೆ ಹಾಸ್ಟೆಲ್ ತಾನಾಗಿ ಸಿಗುತ್ತದೆ ಎಂದು ಕಾದು ಕುಳಿತವರು ಪ್ರತಿ ವರ್ಷ ಸಿಗುತ್ತಾರೆ.

ರೈತ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಗೆ ಬೇಕಾದದ್ದು ಪೋಷಕರ ಎಫ್‌ಐಡಿ, ಅಂದರೆ ಫ್ರೂಟ್ಸ್ ತಂತ್ರಾಂಶದ ಗುರುತಿನ ಸಂಖ್ಯೆ. ಇಲ್ಲಿ ಒಂದು ಗಂಟು ಇದೆ. ಜಮೀನು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದರೆ ಅಪ್ಪನಿಗೆ ಎಫ್‌ಐಡಿ ಆಗಿರುವುದಿಲ್ಲ. ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ ಆಗಬೇಕು, ಅದಕ್ಕೆ ಅಣ್ಣತಮ್ಮಂದಿರ ಒಪ್ಪಿಗೆ ಬೇಕು. ಕಾಲೇಜು ಬಿಡಿಸಬಲ್ಲ ಗಂಟಲ್ಲ ಅದು. ವಿಷಯ ತಿಳಿಸಿ, ಅದಕ್ಕಾಗಿ ಉಳಿದ ಅರ್ಜಿಯನ್ನು ತಡೆದಿಡಬೇಡಿ.

ತಂದೆ ತಾಯಿ ಕಟ್ಟಡ ಕಾರ್ಮಿಕರಾಗಿ ನೋಂದಣಿ ಮಾಡಿಸಿದ್ದರೆ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನ ಇದೆ. ಲೇಬರ್ ಕಾರ್ಡ್ ನವೀಕರಣ ಆಗಿರಬೇಕು. ದ್ವಿತೀಯ ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದವರನ್ನು ಕೇಂದ್ರದ ಎನ್‌ಎಸ್‌ಪಿ (ರಾಷ್ಟ್ರೀಯ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲೂ ನೋಡಿ. ಪಿಯು ಪರೀಕ್ಷಾ ಮಂಡಳಿಯ 80ನೇ ಪರ್ಸೆಂಟೈಲ್‌ಗಿಂತ ಮೇಲಿದ್ದು (ಅಂದರೆ ಮೊದಲ ಶೇ 20ರೊಳಗೆ ಬಂದು) ಕುಟುಂಬದ ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರ ವಲಯದ ಯೋಜನೆಗೆ ಹಾಕಬಹುದು, ಪದವಿಯಲ್ಲಿ ವರ್ಷಕ್ಕೆ 12,000 ರೂಪಾಯಿ. ನವೀಕರಣಕ್ಕೆ ಶೇ 50 ಅಂಕ, ಶೇ 75 ಹಾಜರಿ ಬೇಕು. ಎರಡನೇ ವರ್ಷ ನವೀಕರಣವನ್ನೇ ಮರೆಯುವವರಿದ್ದಾರೆ, ನೆನಪಿಸಿ. ಒಂದನ್ನು ಪಡೆದರೆ ಇನ್ನೊಂದು ಸಿಗದ ಯೋಜನೆಗಳಿವೆ, ಎರಡಕ್ಕೂ ಹಾಕಿಸುವ ಮೊದಲು ಷರತ್ತು ಓದಿ.

ಬಂದೀತೆಂದು ಎಷ್ಟು ನಿರೀಕ್ಷೆ ಇಟ್ಟುಕೊಳ್ಳಬೇಕು ಎಂದೂ ಹೇಳಿ. 2021ರ ಕೇಂದ್ರ ಮಾರ್ಗಸೂಚಿಯಲ್ಲಿ ಮನೆಯಿಂದ ಓಡಾಡಿ ಬಿ.ಎ., ಬಿ.ಕಾಂ. ಓದುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗೆ ಇರುವ ಶೈಕ್ಷಣಿಕ ಭತ್ಯೆ ವರ್ಷಕ್ಕೆ 3,000 ರೂಪಾಯಿ, ಶುಲ್ಕ ಬೇರೆ. ಸ್ಕಾಲರ್‌ಶಿಪ್‌ನಲ್ಲಿ ಮೂರು ವರ್ಷ ನಡೆದುಹೋಗುತ್ತದೆ ಎಂಬ ಲೆಕ್ಕದಲ್ಲಿ ಮನೆಯವರು ಸಾಲ ಮಾಡಿಕೊಂಡ ಮೇಲೆ ಈ ಅಂಕಿ ಹೇಳಿದರೆ ಪ್ರಯೋಜನವಿಲ್ಲ.

## ಹಂತ 6: ಅರ್ಜಿ ತುಂಬುವುದು ಮತ್ತು ಇ-ದೃಢೀಕರಣ

ಈಗ ಅರ್ಜಿ. ಮೊದಲಿನ ಐದು ಹಂತ ಸರಿಯಾಗಿದ್ದರೆ ಒಬ್ಬರಿಗೆ ಅರ್ಧ ಗಂಟೆಯೂ ಬೇಡ.

ತರಗತಿವಾರು ದಿನ ಹಂಚಿ. ಹಿಂದಿನ ದಿನ ಸಂಜೆ ಮೆಸೇಜ್ ಕಳಿಸಿ, ಕನ್ನಡದಲ್ಲಿ: ಏನೇನು ತರಬೇಕು, ಒಟಿಪಿ ಬರುವ ಫೋನ್ ಯಾರ ಹತ್ತಿರ ಇರಬೇಕು, ಎಷ್ಟು ಹೊತ್ತಿಗೆ. ನೋಟಿಸ್ ಬೋರ್ಡ್‌ನಲ್ಲಿ ಇಂಗ್ಲಿಷ್ ಸುತ್ತೋಲೆಯನ್ನು ಹಾಗೇ ಅಂಟಿಸುವುದು ನಾಳೆ ಯಾರಾದರೂ ಕೇಳಿದರೆ ತೋರಿಸಲು ನಮಗೆ ಬೇಕಾದ ಕಾಗದ, ವಿದ್ಯಾರ್ಥಿಗಲ್ಲ.

ಅಂಕಪಟ್ಟಿ, ಶುಲ್ಕದ ರಸೀದಿ, ವ್ಯಾಸಂಗ ಪ್ರಮಾಣ ಪತ್ರ ಮುಂತಾದವನ್ನು ಮೊದಲು ಇ-ದೃಢೀಕರಣಕ್ಕೆ ಹಾಕಿಸಿ. ಕಾಲೇಜಿನ ದೃಢೀಕರಣ ಅಧಿಕಾರಿ ಒಪ್ಪಿದ ಮೇಲೆ ಬರುವ ಸಂಖ್ಯೆಯನ್ನೇ ಅರ್ಜಿಯಲ್ಲಿ ಕೊಡಬೇಕು. ದೃಢೀಕರಿಸುವವರು ಒಬ್ಬರೇ ಇದ್ದು, ಅವರೇ ಪರೀಕ್ಷಾ ಕೆಲಸದ ಮೇಲೆ ಹೋದರೆ ನೂರಾರು ಅರ್ಜಿ ಅಲ್ಲೇ ನಿಲ್ಲುತ್ತವೆ. ವೇಳಾಪಟ್ಟಿ ಮಾಡುವಾಗ ಅವರ ಡೈರಿ ನೋಡಿ.

ಅರ್ಜಿಯಲ್ಲಿ ಪದೇ ಪದೇ ತಪ್ಪುವ ಜಾಗಗಳು: ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ (ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಇರುವಂತೆಯೇ ಇರಬೇಕು), ಕೋರ್ಸಿನ ವರ್ಷ, ಹಾಸ್ಟೆಲ್ ಹೌದೋ ಅಲ್ಲವೋ, ಸೀಟಿನ ವಿಧ, ಕಟ್ಟಿದ ಶುಲ್ಕದ ಮೊತ್ತ. ಸೈಬರ್ ಸೆಂಟರ್‌ನಲ್ಲಿ ತುಂಬಿಸಿಕೊಂಡು ಬಂದ ಅರ್ಜಿಯಾದರೆ ಮೊಬೈಲ್ ನಂಬರ್ ಆ ಅಂಗಡಿಯವನದ್ದೇ ಇರುವುದೂ ಉಂಟು. ಅದನ್ನು ತಪ್ಪದೆ ನೋಡಿ.

ಕೀಬೋರ್ಡ್ ಮುಂದೆ ವಿದ್ಯಾರ್ಥಿ ಕೂರಲಿ, ನೀವು ಪಕ್ಕದಲ್ಲಿರಿ. ನೀವೇ ಟಕಟಕ ತುಂಬಿ ಕಳಿಸಿದರೆ ಬೇಗ ಆಗುತ್ತದೆ, ನಿಜ. ಆದರೆ ಮುಂದಿನ ವರ್ಷವೂ ಅದೇ ಸಾಲು ನಿಮ್ಮ ಮುಂದಿರುತ್ತದೆ. ಎರಡನೇ ವರ್ಷದ ಚುರುಕಾದ ನಾಲ್ಕೈದು ವಿದ್ಯಾರ್ಥಿಗಳನ್ನು ಸಹಾಯಕ್ಕೆ ಹಾಕಿಕೊಳ್ಳಿ. ತಮ್ಮೂರಿನವರು ಹೇಳಿದರೆ ಹೊಸಬರು ಸಂಕೋಚವಿಲ್ಲದೆ ಕೇಳುತ್ತಾರೆ. ಅವರ ಕೈಗೆ ಕಾಲೇಜು ಲಾಗಿನ್ ಮಾತ್ರ ಕೊಡಬೇಡಿ.

## ಹಂತ 7: ಸಬ್‌ಮಿಟ್ ಆದ ಮೇಲೆ ಹಿಂಬಾಲಿಸುವುದು

ವಾರಕ್ಕೊಂದು ದಿನ ನಿಗದಿ ಮಾಡಿ. ಅವತ್ತು ಕಾಲೇಜು ಲಾಗಿನ್‌ನಲ್ಲಿ ಬಾಕಿ ಪಟ್ಟಿ ಖಾಲಿಯಾಗಬೇಕು, ಎನ್‌ಎಸ್‌ಪಿಯಲ್ಲಿ ಸಂಸ್ಥೆಯ ಹಂತದ ಪರಿಶೀಲನೆ ಮುಗಿಯಬೇಕು. ಅಲ್ಲಿ 'ಡಿಫೆಕ್ಟಿವ್' ಎಂದು ಮರಳಿದ ಅರ್ಜಿಯನ್ನು ತಿದ್ದಲು ಅವಕಾಶವಿರುತ್ತದೆ, ದಿನಗಳು ಕಡಿಮೆ. ವಿದ್ಯಾರ್ಥಿ ಅದನ್ನು ತಾನಾಗಿ ನೋಡುವುದಿಲ್ಲ. ನೀವೇ ಫೋನ್ ಮಾಡಬೇಕು.

ಪರಿಶಿಷ್ಟ ಜಾತಿಯ ಯೋಜನೆಯಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಎರಡೂ ಒಂದೇ ದಿನ ಬರುವುದಿಲ್ಲ. ಮೊದಲ ಕಂತು ಬಂದಾಗ 'ಇಷ್ಟೇನಾ' ಎಂದು ಬೇಸರಪಟ್ಟು ಸುಮ್ಮನಾಗುವವರಿದ್ದಾರೆ, ಎರಡನೆಯದು ಬರಲೇ ಇಲ್ಲ ಎಂದು ಯಾರೂ ಕೇಳುವುದಿಲ್ಲ. ರಿಜಿಸ್ಟರ್‌ನಲ್ಲಿ ಎರಡು ಕಾಲಂ ಮಾಡಿ. ಡಿಬಿಟಿ ಕರ್ನಾಟಕ ಆ್ಯಪ್ ಅನ್ನು ವಿದ್ಯಾರ್ಥಿಯ ಫೋನಿನಲ್ಲಿ ಹಾಕಿಸಿದರೆ ಯಾವ ಇಲಾಖೆಯ ಹಣ ಯಾವ ದಿನ ಯಾವ ಬ್ಯಾಂಕಿಗೆ ಹೋಯಿತು ಎಂಬುದು ಅಲ್ಲೇ ಕಾಣುತ್ತದೆ.

ಇನ್ನೊಂದು ಮಾತು. ಶುಲ್ಕದ ಭಾಗವೂ ವಿದ್ಯಾರ್ಥಿಯ ಖಾತೆಗೇ ಬರುವ ಯೋಜನೆಯಲ್ಲಿ, ಅದು ಕಾಲೇಜಿಗೆ ಕಟ್ಟಬೇಕಾದ ಹಣ ಎಂದು ಮೊದಲೇ ಮನೆಯವರಿಗೆ ತಿಳಿಸಿ. ಬಂದ ಮೇಲೆ ಹೇಳಿದರೆ ಅದು ಆಗಲೇ ಗೊಬ್ಬರಕ್ಕೋ ಆಸ್ಪತ್ರೆಗೋ ಹೋಗಿರುತ್ತದೆ. ಅದಕ್ಕಾಗಿ ಅವರನ್ನು ಬೈದು ಫಲವಿಲ್ಲ.

## ಹಂತ 8: ಹಣ ಬರುವವರೆಗಿನ ತಿಂಗಳುಗಳು

ಅರ್ಜಿಗೂ ಹಣಕ್ಕೂ ನಡುವೆ ದೊಡ್ಡ ಕಂದಕ. ವಿದ್ಯಾರ್ಥಿ ಕಾಲೇಜು ಬಿಡುವುದು ಆ ನಡುವೆಯೇ, ಅದರಲ್ಲೂ ಪರೀಕ್ಷಾ ಶುಲ್ಕ ಕಟ್ಟುವ ವಾರದಲ್ಲಿ.

ಪ್ರಿನ್ಸಿಪಾಲರ ಜೊತೆ ಕುಳಿತು ಮೂರು ವಿಷಯ ಮೊದಲೇ ತೀರ್ಮಾನಿಸಿ: ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದೇ, ಪರೀಕ್ಷಾ ಶುಲ್ಕಕ್ಕೆ ಶಿಕ್ಷಕರ ಅಥವಾ ಹಳೆಯ ವಿದ್ಯಾರ್ಥಿಗಳ ಸಣ್ಣ ನಿಧಿ ಇದೆಯೇ, ಅದನ್ನು ಯಾರು ಕೇಳಬೇಕು. ಕೇಳುವ ಹೊಣೆಯನ್ನು ವಿದ್ಯಾರ್ಥಿಯ ಮೇಲೆ ಹಾಕಿದರೆ ನಿಧಿ ಹಾಗೇ ಉಳಿಯುತ್ತದೆ. ಮೆಂಟರ್ ಹೆಸರು ಕೊಡಲಿ, ವಿಷಯ ಅಲ್ಲಿಗೇ ಮುಗಿಯಲಿ.

ಶುಲ್ಕ ಬಾಕಿ ಇದೆಯೆಂದು ಮೂಲ ಅಂಕಪಟ್ಟಿ, ಟಿಸಿಗಳನ್ನು ಕಾಲೇಜಿನಲ್ಲಿ ಒತ್ತೆ ಇಟ್ಟುಕೊಳ್ಳುವಂತಿಲ್ಲ. ಮೂಲ ದಾಖಲೆಗಳನ್ನು ಪರಿಶೀಲಿಸಿ ತಕ್ಷಣ ಮರಳಿಸಬೇಕು ಎಂದು ಯುಜಿಸಿ 2018ರಲ್ಲೇ ಹೇಳಿದೆ. ಆಫೀಸಿನಲ್ಲಿ 'ಹಿಂದಿನಿಂದ ಹೀಗೇ' ಎಂದರೆ ಆ ಪ್ರತಿ ತೋರಿಸಿ.

ದಿನದ ಖರ್ಚೂ ನೋಡಿ. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇದೆ. ಹುಡುಗರಿಗೆ ಬಸ್ ಪಾಸ್ ಬೇಕು, ಸೇವಾಸಿಂಧುವಿನಲ್ಲಿ ಅರ್ಜಿ. ಪಾಸ್ ಆಗುವವರೆಗೆ ದಿನದ ಚಾರ್ಜು ಕೈಯಿಂದಲೇ ಹೋಗುವುದರಿಂದ ದಾಖಲಾತಿಯ ವಾರದಲ್ಲೇ ಮಾಡಿಸಿ.

## ಹಂತ 9: ಜಾರುವ ಸೂಚನೆಗಳನ್ನು ಓದುವುದು

ಯಾರೂ ಬಂದು 'ನಾನು ಕಾಲೇಜು ಬಿಡುತ್ತಿದ್ದೇನೆ' ಎನ್ನುವುದಿಲ್ಲ. ಇವು ಮೊದಲು ಕಾಣುತ್ತವೆ: ಸೋಮವಾರ ಮತ್ತು ಸಂತೆಯ ದಿನ ಗೈರು. ಮೊದಲ ಟೆಸ್ಟಿನ ನಂತರ ಹಿಂದಿನ ಬೆಂಚು. ಫೋನ್ ಸ್ವಿಚ್ ಆಫ್. ಪರೀಕ್ಷಾ ಅರ್ಜಿ ತುಂಬಿಲ್ಲ. ಲೈಬ್ರರಿಯ ಪುಸ್ತಕಗಳನ್ನೆಲ್ಲ ಒಮ್ಮೆಲೇ ಮರಳಿಸಿ ಹೋದದ್ದು. ಈ ಕೊನೆಯದನ್ನು ಗ್ರಂಥಪಾಲಕರೇ ಮೊದಲು ಕಾಣುತ್ತಾರೆ, ಅವರನ್ನೂ ನಿಮ್ಮ ತಂಡಕ್ಕೆ ಸೇರಿಸಿಕೊಳ್ಳಿ.

ಸುಗ್ಗಿ, ಕಬ್ಬಿನ ಹಂಗಾಮು, ಜಾತ್ರೆಯ ವಾರಗಳ ಗೈರನ್ನು ಎರಡನೇ ವಾರಕ್ಕೇ ವಿಚಾರಿಸಿ. ಶೇ 75ರ ಹಾಜರಿಯ ಲೆಕ್ಕವನ್ನು ಸೆಮಿಸ್ಟರ್ ಕೊನೆಯಲ್ಲಿ ಹೇಳಿದರೆ ಅದು ಬರೀ ಶಿಕ್ಷೆಯಾಗುತ್ತದೆ. ಆರನೇ ವಾರದಲ್ಲಿ ಹೇಳಿದರೆ ತಿದ್ದಿಕೊಳ್ಳಬಹುದು.

ಮನೆಗೆ ಫೋನ್ ಮಾಡುವಾಗ ದೂರಿನಿಂದ ಶುರು ಮಾಡಬೇಡಿ. 'ನಿಮ್ಮ ಮಗ ಕಾಲೇಜಿಗೆ ಬರ್ತಿಲ್ಲ' ಎಂದರೆ ಆ ಕಡೆಯ ಉತ್ತರ ಗೊತ್ತಿರುವುದೇ: 'ಬ್ಯಾಡ ಬಿಡ್ರಿ ಸರ್, ಓದು ಅವ್ನ ಕೈಲಿ ಆಗೂದಿಲ್ಲ.' ಅಲ್ಲಿಗೆ ನೀವೇ ಬಾಗಿಲು ಹಾಕಿದಂತಾಯಿತು. 'ಯಜಮಾನ್ರೇ, ಆರಾಮ ಇದ್ದೀರಾ? ಮಳೆ ಹೆಂಗೈತಿ?' ಎಂದು ಶುರು ಮಾಡಿ. ಹುಡುಗ ಚೆನ್ನಾಗಿ ಮಾಡಿದ ಒಂದು ವಿಷಯ ಹೇಳಿ, ಆಮೇಲೆ ಯಾವ ದಿನಗಳಲ್ಲಿ ಬರಲೇಬೇಕು ಎಂದು ತಾರೀಖು ಸಮೇತ ಹೇಳಿ. ಹೊಲದ ಕೆಲಸಕ್ಕೆ ಬಿಡಲೇಬೇಕಾದ ದಿನಗಳನ್ನು ಅವರನ್ನೇ ಕೇಳಿ. ನಾಲ್ಕು ದಿನ ಅವರಿಗೆ, ಉಳಿದದ್ದು ಕಾಲೇಜಿಗೆ ಎಂದು ಒಪ್ಪಂದ ಆದರೆ ಸಾಮಾನ್ಯವಾಗಿ ಮಾತು ಉಳಿಸಿಕೊಳ್ಳುತ್ತಾರೆ.

ಇಂಗ್ಲಿಷ್ ಬೇರೆಯದೇ ಗೋಡೆ. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿ ಬಿ.ಎಸ್ಸಿ., ಬಿ.ಕಾಂ.ಗೆ ಬಂದವರು ಮೊದಲ ಸೆಮಿಸ್ಟರ್‌ನಲ್ಲಿ ಎರಡು ಮೂರು ವಿಷಯ ಹೋದರೆ ತಮಗೆ ಬುದ್ಧಿಯಿಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ಫಲಿತಾಂಶ ಬಂದ ವಾರದಲ್ಲೇ ಕರೆದು, ಉಳಿದ ವಿಷಯ ಮತ್ತೆ ಕಟ್ಟುವುದು ಹೇಗೆ, ಯಾವಾಗ ಎಂದು ಬರೆದು ಕೊಡಿ.

ನಿಮ್ಮ ಕೈ ಮೀರಿದ ಸಂದರ್ಭಗಳೂ ಇವೆ. 18 ತುಂಬದ ಹುಡುಗಿಯ ಮದುವೆ ಗೊತ್ತಾಗಿದೆ ಎಂಬ ಸುದ್ದಿ ಬಂದರೆ ಮಕ್ಕಳ ಸಹಾಯವಾಣಿ 1098. ಸಾಯುವ ಮಾತು ಆಡಿದರೆ ಒಂಟಿಯಾಗಿ ಬಿಡಬೇಡಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಅಲ್ಲೇ ಕೂತು ಕರೆ ಮಾಡಿಸಿ, ವೈದ್ಯರ ಬಳಿ ಕರೆದೊಯ್ಯಿರಿ. ರ‍್ಯಾಗಿಂಗ್ ಇದ್ದರೆ 1800-180-5522. ಹಾಸ್ಟೆಲ್‌ನಲ್ಲಾಗಲಿ ಕ್ಯಾಂಟೀನ್‌ನಲ್ಲಾಗಲಿ ಜಾತಿಯ ಹೆಸರಿನಲ್ಲಿ ಅವಮಾನವಾದರೆ 'ಹೊಂದಿಕೊಂಡು ಹೋಗು' ಎನ್ನಬೇಡಿ, ಲಿಖಿತ ದೂರು ತೆಗೆದುಕೊಳ್ಳಿ.

## ಹಂತ 10: ಕೊನೆಯ ವರ್ಷ

ಕೊನೆಯ ಸೆಮಿಸ್ಟರ್‌ನಲ್ಲಿ ಅಂಕಪಟ್ಟಿಗಳು ಡಿಜಿಲಾಕರ್‌ನಲ್ಲಿ ಕಾಣುತ್ತಿವೆಯೇ ನೋಡಿ. ರಾಜ್ಯದ ನಿರುದ್ಯೋಗ ಭತ್ಯೆಯಾದ ಯುವನಿಧಿಗೂ ಇದೇ ದಾಖಲೆ ಬೇಕು: ಪದವಿ ಮುಗಿಸಿ 6 ತಿಂಗಳು ಕೆಲಸ ಸಿಗದಿದ್ದರೆ, ಮುಂದೆ ಓದದಿದ್ದರೆ ತಿಂಗಳಿಗೆ 3,000 ರೂಪಾಯಿ, ಗರಿಷ್ಠ 2 ವರ್ಷ. ಎಂ.ಎ., ಬಿ.ಇಡಿ. ಎಂದು ಯೋಚಿಸುವವರಿಗೆ ಪ್ರವೇಶದ ತಿಂಗಳು, ಆ ಊರಿನ ಹಾಸ್ಟೆಲ್ ವಿವರ ಪರೀಕ್ಷೆಗೆ ಮೊದಲೇ ಸಿಗಬೇಕು. ಫಲಿತಾಂಶದ ನಂತರ ಅವರು ಕಾಲೇಜಿಗೆ ಬರುವುದು ಟಿಸಿ ಒಯ್ಯಲು ಮಾತ್ರ.

## ಹಂತ 11: ಕೆಲಸವನ್ನು ಹಸ್ತಾಂತರಿಸುವುದು

ನೋಡಲ್ ಅಧಿಕಾರಿಗೆ ವರ್ಗಾವಣೆಯಾಗುತ್ತದೆ, ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷ ಕೆಲಸ ಸಿಗುವುದೇ ಅನುಮಾನ. ಅವರ ಜೊತೆ ಎಲ್ಲವೂ ಹೋಗಿಬಿಡುತ್ತದೆ. ಹಾಗಾಗಬಾರದು ಎಂದರೆ ರಿಜಿಸ್ಟರ್ ಆಫೀಸಿನ ಸ್ವತ್ತಾಗಿರಬೇಕು, ಎರಡನೆಯವರೊಬ್ಬರಿಗೆ ಇಡೀ ಕೆಲಸ ಗೊತ್ತಿರಬೇಕು. ಹೊರಡುವ ಮೊದಲು ಹಣ ಬಾರದೆ ಉಳಿದವರ ಪಟ್ಟಿಯನ್ನು, ಯಾರದು ಎಲ್ಲಿ ನಿಂತಿದೆ ಎಂಬ ಒಂದು ಸಾಲಿನ ಟಿಪ್ಪಣಿಯೊಡನೆ, ಬರುವವರ ಕೈಗೆ ಕೊಡಿ. ಕಾಲೇಜು ಲಾಗಿನ್‌ನ ಒಟಿಪಿ ಹೋಗುವ ಮೊಬೈಲ್ ನಂಬರ್ ಅನ್ನು ಬಿಡುಗಡೆಯ ದಿನಕ್ಕೂ ಮೊದಲೇ ಬದಲಿಸಿ. ಇಲ್ಲವಾದರೆ ಜುಲೈ ತಿಂಗಳಲ್ಲಿ ಹೊಸಬರು ಮತ್ತೊಂದು ಜಿಲ್ಲೆಯಲ್ಲಿರುವ ನಿಮಗೆ ದಿನಕ್ಕೆ ಹತ್ತು ಸಲ ಫೋನ್ ಮಾಡಿ ಒಟಿಪಿ ಕೇಳುತ್ತಾರೆ, ಆಗ ನೀವು ತರಗತಿಯಲ್ಲಿ ಪಾಠ ಮಾಡುತ್ತಿರುತ್ತೀರಿ.